ನಿಂಬೆವ್ವನ ದವಡೆಯ ಹರಳು

"ಯಾಕಬೇ ನಿಂಬೆವ್ವ, ನಿನ್ನ ಬಾಯಿ ನಿನ್ನ ನಡಕ್ಕ ಮುಟ್ಟಲಿಲ್ಲೇನು? ಮಂದಿ ಹೊಟ್ಟ್ಯಾಗಿನ ಕಲ್ಲೆಲ್ಲಾ ಹೀರಿ ತೆಗದಾಕಿ, ನಿನ್ನ ಕಲ್ಲು ನೋಡಾಕ ಮಿಷನ್ ಬೇಕಾತೇನು?"

"ಮೆಲ್ಲಕ ಮಾತಾಡ. ಮಂದಿ ನೋಡಾಕತ್ತಾರ."

"ನೋಡ್ಲಿ! ನೋಡ್ಲಿ ಅಂತನ ಒದರಾಕತ್ತೀನಿ! ಎಲ್ಲೈತಿ ನಿನ್ನ ದೇವರು? ಸಂಚ್ಯಾಗೈತೇನು? ತೋರಿಸು!"

ದೊಡ್ಡಾಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಮುಂದೆ, ನಲವತ್ತು ಜನ ಕೂತಿದ್ದ ಪಡಸಾಲೆಯಲ್ಲಿ, ಗಾಳೆವ್ವ ಎಂಬ ಹೆಂಗಸು ನಿಂಬೆವ್ವ ಎಂಬ ಮುದುಕಿಯ ಸೊಂಟಕ್ಕೆ ಕೈಹಾಕಿ ಎಲೆ-ಅಡಿಕೆ ಸಂಚಿಯನ್ನು ಜಗ್ಗಿದಳು. ದಾರ ಹರಿಯಿತು. ಎರಡು ಬಾಡಿದ ಎಲೆ, ಅಡಿಕೆ ಚೂರು, ಸುಣ್ಣದ ಡಬ್ಬಿ ನೆಲಕ್ಕೆ ಬಿದ್ದವು. ಕಡೆಗೆ ಒಂದು ಬಿಳಿ ಕಲ್ಲು ಬಿತ್ತು. ಅದು ಉರುಳಿಕೊಂಡು ಹೋಗಿ, ಬೆಂಚಿನ ಮೇಲೆ ಮುದುಡಿ ಕೂತಿದ್ದ ಗಾಳೆವ್ವನ ಗಂಡನ ಕಾಲಿಗೆ ತಾಗಿ ನಿಂತಿತು.

ಆ ಕಲ್ಲು ನಾನು. ಜಗಳ ಅಲ್ಲಿಗೇ ಇರಲಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ನನ್ನ ಕಥೆ ಕೇಳಿ.

ನಾನು ಒಂದು ಬೆಣಚುಕಲ್ಲು. ಹುಣಸೆಬೀಜದಷ್ಟಿದ್ದೇನೆ. ಮೈ ಬಿಳಿ, ನಡುವೆ ಕೂದಲೆಳೆಯಂಥ ಕೆಂಪು ಗೆರೆ. ಹುಟ್ಟಿದ್ದು ಯಾವುದೋ ಗುಡ್ಡದ ಒಡಲಲ್ಲಿ, ಬೆಳೆದದ್ದು ಹೊಳೆಯಲ್ಲಿ. ಹೊಳೆ ನನ್ನನ್ನು ಎಷ್ಟು ಸಾವಿರ ವರ್ಷ ಉರುಳಿಸಿತೋ ಲೆಕ್ಕವಿಲ್ಲ. ನನ್ನ ಚೂಪುಗಳನ್ನೆಲ್ಲ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿತು. ಹೊಳೆಗೆ ಕರುಣೆಯಿಲ್ಲ ನಿಜ. ಆದರೆ ಅದು ಯಾರಿಗೂ ಸುಳ್ಳು ಹೇಳುವುದಿಲ್ಲ. ಸುಳ್ಳನ್ನು ನಾನು ಕಲಿತದ್ದು ಮನುಷ್ಯರ ಬಾಯಿಯಲ್ಲಿ. ಬಾಯಿಯಲ್ಲಿ ಅಂದರೆ ಬಾಯಿಯ ಒಳಗೇ.

ನಿಂಬೆವ್ವ ಎಂಟು ವರ್ಷದವಳಿದ್ದಾಗ ಬಟ್ಟೆ ಒಗೆಯಲು ಅವ್ವನ ಜೊತೆ ಹೊಳೆಗೆ ಬಂದಿದ್ದಳು. ಐದು ಕಲ್ಲಿನ ಆಟಕ್ಕೆ ಹರಳು ಆರಿಸುತ್ತಿದ್ದಳು. ನಾನು ಐದನೆಯವನಾಗಿ ಸಿಕ್ಕೆ. ಮನೆಯಲ್ಲಿ ನಾಲ್ವರು ಅಕ್ಕಂದಿರು, ನಾಲ್ವರೂ ಕಳ್ಳಿಯರು. ಉಳಿದ ನಾಲ್ಕು ಹರಳು ವಾರದೊಳಗೆ ಹೋದವು. ನನ್ನನ್ನು ಮಾತ್ರ ಅವಳು ದವಡೆ ಮತ್ತು ಗಲ್ಲದ ನಡುವೆ ಇಟ್ಟುಕೊಳ್ಳುವುದನ್ನು ಕಲಿತಳು. ನಾನು ಒಳಗಿದ್ದಾಗಲೇ ಅವಳು ಮಾತಾಡುತ್ತಿದ್ದಳು, ಹಾಡುತ್ತಿದ್ದಳು, ಮಜ್ಜಿಗೆ ಕುಡಿಯುತ್ತಿದ್ದಳು. ಒಂದು ದಿನ ಅವಳವ್ವ ಯಾವುದೋ ಸಿಟ್ಟಿಗೆ ಅದೇ ಗಲ್ಲಕ್ಕೆ ಬಾರಿಸಿದಳು. ನನ್ನ ಮೈಗೆ ಬಡಿದು ಹುಡುಗಿಯ ದವಡೆಹಲ್ಲು ಮುರಿಯಿತು. ನನಗೇನೂ ಆಗಲಿಲ್ಲ. ಆ ಮುರಿದ ಹಲ್ಲಿನ ಸಂದು ನನಗೆ ಮನೆಯಾಯಿತು.

ಅವಳು ದೊಡ್ಡವಳಾದಳು, ಮದುವೆಯಾದಳು, ಗಂಡನನ್ನು ಕಳೆದುಕೊಂಡಳು. ನಾನು ಸಂಚಿಯಲ್ಲಿದ್ದೆ. ಮನಸ್ಸಿಗೆ ಬೇಸರವಾದಾಗ ಎಲೆಯ ಜೊತೆ ನನ್ನನ್ನೂ ಬಾಯಿಗೆ ಹಾಕಿಕೊಳ್ಳುವುದು ಅವಳಿಗೆ ಚಟವಾಗಿತ್ತು. ಒಂದು ಬೇಸಿಗೆಯಲ್ಲಿ ಪಕ್ಕದ ಮನೆಯ ನೇಕಾರ ಮುದುಕಿಗೆ ಪಕ್ಕೆಯಲ್ಲಿ ಹರಳಿನ ನೋವು ಬಂತು. ಎರಡು ದಿನ ನೆಲಕ್ಕೆ ತಲೆ ಚಚ್ಚಿಕೊಂಡಳು. ನಿಂಬೆವ್ವನಿಗೆ ಕರುಳು ಚುರುಕ್ಕೆಂದಿತು. ಚೇಳಿನ ವಿಷ ಹೀರಿ ತೆಗೆಯುವುದನ್ನು ಅವಳು ನೋಡಿದ್ದಳು. ಹಾಗೆಯೇ ಮುದುಕಿಯ ಪಕ್ಕೆಗೆ ಬಾಯಿಟ್ಟು ಹೀರಿದಳು. ಹೀರುವ ಭರದಲ್ಲಿ ನಾನು ಸಂದಿನಿಂದ ಜಾರಿ, ಕೆಂಪು ರಸದ ಸಮೇತ ಚಾದರದ ಮೇಲೆ ಬಿದ್ದೆ.

"ಕಲ್ಲು ಬಂತು! ಯವ್ವಾ, ಕಲ್ಲು ಬಂತು!" ಎಂದು ಮುದುಕಿ ಕೂಗಿದಳು. ಅದೇ ಗಳಿಗೆಯಲ್ಲಿ ನೋವೂ ಇಳಿಯಿತಂತೆ.

ನಿಂಬೆವ್ವ ನಿಜ ಹೇಳಲು ಬಾಯಿ ತೆರೆದಳು. ಅವಳ ನಾಲಿಗೆ ಏಳುವುದನ್ನು ನಾನು ಕಂಡೆ. ಅಷ್ಟರಲ್ಲಿ ಮುದುಕಿ ಎರಡೂ ಕೈ ಮುಗಿದಳು, ಅವಳ ಸೊಸೆ ಕಾಲಿಗೆ ಬಿದ್ದಳು. ಗಂಡ ಸತ್ತ ಮೇಲೆ ನಿಂಬೆವ್ವನ ಕಾಲನ್ನು ಯಾರೂ ಮುಟ್ಟಿರಲಿಲ್ಲ. ತೆರೆದ ಬಾಯಿ ಮುಚ್ಚಿತು. ನನ್ನ ಕಸುಬು ಅಲ್ಲಿಂದ ಶುರು.

ಮುಂದೆ ಮಂಗಳವಾರ, ಶುಕ್ರವಾರ ಅವಳ ಅಂಗಳ ತುಂಬತೊಡಗಿತು. ರೋಗಿಯನ್ನು ಹೊರಸಿನ ಮೇಲೆ ಮಲಗಿಸಬೇಕು. ಅವನ ಹೆಂಡತಿ ಹಿತ್ತಾಳೆ ತಾಟು ಹಿಡಿದು ಪಕ್ಕದಲ್ಲಿ ಕೂರಬೇಕು. ನಿಂಬೆವ್ವ ಬೇವಿನ ಸೊಪ್ಪು ಆಡಿಸಿ, ಅರಿಸಿನ ಹಚ್ಚಿ, ನೋವಿದ್ದ ಕಡೆ ಬಾಯಿಟ್ಟು ಮೂರು ಸಲ ಹೀರುತ್ತಿದ್ದಳು. ಮೂರನೆಯದಕ್ಕೆ ತಾಟಿಗೆ ಉಗುಳುತ್ತಿದ್ದಳು. ಟಣ್! ಎಲೆ-ಅಡಿಕೆಯ ಕೆಂಪು ರಸದಲ್ಲಿ ನಾನು ಬಿದ್ದಿರುತ್ತಿದ್ದೆ. ಜನ ರಕ್ತ ಅಂದುಕೊಳ್ಳುತ್ತಿದ್ದರು. ನನ್ನ ಗಾತ್ರ ನೋಡಿ ರೋಗಿಗಳಿಗೆ ಒಂದು ಥರ ಹೆಮ್ಮೆ. "ಇಷ್ಟ್ ದೊಡ್ಡದಿತ್ತೇನು! ಅದಕ್ಕ ಮತ್ತ!" ಎನ್ನುತ್ತ ಮೀಸೆ ತಿರುವಿದವರನ್ನೂ ಕಂಡಿದ್ದೇನೆ.

ಕಟ್ಟಳೆಗಳಿದ್ದವು. ಕಲ್ಲನ್ನು ಮನೆಗೆ ಒಯ್ಯಬಾರದು. ಒಯ್ದರೆ ಮತ್ತೆ ಹೊಟ್ಟೆ ಸೇರುತ್ತದೆ. ಅದನ್ನು ತಾಯಿಯ, ಅಂದರೆ ನಿಂಬೆವ್ವನ, ಕೈಗೇ ಕೊಡಬೇಕು, ಅವಳು ಹಾಳುಬಾವಿಗೆ ಹಾಕುತ್ತಾಳೆ. ನಲವತ್ತೊಂದು ದಿನ ಆಸ್ಪತ್ರೆಯ ಮೆಟ್ಟಿಲು ತುಳಿಯಬಾರದು, ಸೂಜಿ ಚುಚ್ಚಿಸಿಕೊಳ್ಳಬಾರದು. ಕೆಲವರು ನೋವು ಮರುಕಳಿಸಿ ತಿರುಗಿ ಬರತೊಡಗಿದ ಮೇಲೆ ನಿಂಬೆವ್ವ ಮೂರನೆಯದೊಂದು ಸೇರಿಸಿದಳು: ತೆಗೆದ ಕಲ್ಲು ಮತ್ತೆ ಬೆಳೆದರೆ, ಆ ಮನೆಯ ಹೆಣ್ಣು ಎಲ್ಲೋ ಎಡವಿದ್ದಾಳೆ.

ಇದು ಬಹಳ ಗಟ್ಟಿ ಕಟ್ಟಳೆ. ಗಂಡಸರೆಲ್ಲ ತಕ್ಷಣ ಒಪ್ಪಿದರು.

ನಾನು ನಾಲ್ಕುನೂರು ಹೊಟ್ಟೆಗಳಿಂದ "ಬಂದಿದ್ದೇನೆ". ಸಣ್ಣ ಹರಳಿದ್ದವರು ಹುರುಳಿ ಸಾರು, ಬಾಳೆದಿಂಡಿನ ರಸ, ಕೊಡಗಟ್ಟಲೆ ನೀರು ಕುಡಿದು ತಾವೇ ಗುಣವಾದರು. ಹೆಸರು ನಿಂಬೆವ್ವನಿಗೆ ಬಂತು. ದೊಡ್ಡ ಹರಳಿದ್ದವರು ಏನಾದರೋ. ಸತ್ತವರು ದೂರು ಹೇಳಲು ಬರುವುದಿಲ್ಲ.

ಈಗ ಯಮನೂರಪ್ಪನ ವಿಷಯ. ಅವನೇ ಗಾಳೆವ್ವನ ಗಂಡ. ರಸ್ತೆಬದಿಯಲ್ಲಿ ಗುಡಾರ ಹಾಕಿಕೊಂಡು ಒರಳು, ಬೀಸುಕಲ್ಲು ಕಡೆಯುವ ಕಲ್ಲುಕುಟಿಗ. ಬಿಸಿಲಲ್ಲಿ ಹಗಲೆಲ್ಲ ಉಳಿ ಹಿಡಿದು ಕೂರುತ್ತಿದ್ದ. ನೀರು ಕುಡಿಯುತ್ತಿರಲಿಲ್ಲ, ಬರೀ ಚಹಾ. ಅವನಿಗೆ ನೋವು ಬಂದಾಗ ನೆಲದ ಮೇಲೆ ಮೀನಿನಂತೆ ಒದ್ದಾಡಿ, ಸುತ್ತಿಗೆಯ ಹಿಡಿಯನ್ನು ಕಚ್ಚಿಕೊಳ್ಳುತ್ತಿದ್ದನಂತೆ. ಆ ಹಿಡಿಯ ಮೇಲಿನ ಹಲ್ಲಿನ ಗುರುತುಗಳನ್ನು ಗಾಳೆವ್ವ ನಿಂಬೆವ್ವನಿಗೆ ತಂದು ತೋರಿಸಿದ್ದಳು.

ಗಾಳೆವ್ವ ಮೊದಲು ಅವನನ್ನು ಒಯ್ದದ್ದು ಡಾಕ್ಟರ ಹತ್ತಿರವೇ. ಸ್ಕ್ಯಾನಿಂಗ್ ಮಾಡಿಸಿದಳು. ಎಡಗಡೆ ಮೂತ್ರದ ನಳಿಗೆಯಲ್ಲಿ ಹನ್ನೆರಡು ಮಿಲಿಮೀಟರಿನ ಹರಳು ಸಿಕ್ಕಿಕೊಂಡಿತ್ತು. "ಇದು ತಾನಾಗಿ ಹೋಗೂ ಅಳತೆ ಅಲ್ಲ. ಪೈಪ್ ಹಾಕಿ ಒಡದು ತಗೀಬೇಕು. ಬಿಟ್ರ ಕಿಡ್ನಿ ಹೋಗತೈತಿ," ಎಂದರು ಡಾಕ್ಟರು. ತಾರೀಕೂ ಕೊಟ್ಟರು. ಆ ದಿನ ಯಮನೂರಪ್ಪ ಮನೆಯಿಂದ ಓಡಿಹೋಗಿ ಕಲ್ಲುಕ್ವಾರಿಯಲ್ಲಿ ಅಡಗಿ ಕೂತ. ಅವನ ಅಣ್ಣನೊಬ್ಬ ಅಪೆಂಡಿಕ್ಸ್ ಆಪರೇಷನ್ನಿಗೆ ನಡೆದುಕೊಂಡು ಹೋಗಿ ಬಿಳಿಬಟ್ಟೆಯಲ್ಲಿ ಮನೆಗೆ ಬಂದಿದ್ದ. ಅಂದಿನಿಂದ ಇವನಿಗೆ ಕತ್ತರಿ ಅಂದರೆ ಕೈಕಾಲು ತಣ್ಣಗಾಗುತ್ತಿದ್ದವು. ಅವನ ತಾಯಿ ಅವನನ್ನು ನಿಂಬೆವ್ವನ ಹೊರಸಿನ ಮೇಲೆ ತಂದು ಮಲಗಿಸಿದಳು.

ಮೊದಲ ಸಲ ನಾನು ತಾಟಿಗೆ ಬಿದ್ದಾಗ ಅವನು ಅತ್ತುಬಿಟ್ಟ. ಗಾಳೆವ್ವನೂ ಅತ್ತಳು. ಒಂದು ತಿಂಗಳು ನೋವಿರಲಿಲ್ಲ. ಆಮೇಲೆ ಬಂತು.

ಎರಡನೆಯ ಸಲ ಅವನು ಕೈಚಾಚಿದ. "ಒಂದೀಟು ಕೊಡ್ರಿ ತಾಯಿ, ನೋಡತೀನಿ."

ನಾಲ್ಕುನೂರು ಜನರಲ್ಲಿ ಹಾಗೆ ಕೇಳಿದವನು ಅವನೊಬ್ಬನೇ. ಉಳಿದವರು ನನ್ನನ್ನು ನೋಡಿ ಹೇಸಿಕೊಂಡರು, ಇಲ್ಲವೇ ಕೈಮುಗಿದರು. ಇವನು ಸೊಂಟದ ಬಟ್ಟೆಯಿಂದ ನನ್ನನ್ನು ಒರೆಸಿದ. ಬಿಸಿಲಿಗೆ ಹಿಡಿದ. ಹೆಬ್ಬೆರಳಿನ ಉಗುರಿನಿಂದ ಕೆಂಪು ಗೆರೆಯನ್ನು ಕೆರೆದ. ನನ್ನ ಇಡೀ ಬದುಕಿನಲ್ಲಿ ನನ್ನನ್ನು ಸರಿಯಾಗಿ ಓದಿದವನು ಅವನೇ. ಹೊಳೆಯಲ್ಲಿ ಉರುಳಿದ ಬೆಣಚುಕಲ್ಲು ಯಾವುದು, ಮೈಯೊಳಗೆ ಕಟ್ಟಿದ ಹರಳು ಯಾವುದು ಎನ್ನುವುದು ಅವನಂಥ ಕೈಗೆ ತಿಳಿಯದೆ ಇರುತ್ತದೆಯೇ? ಅದಕ್ಕಿಂತ ಮಿಗಿಲಾಗಿ, ಇದು ಒಂದು ತಿಂಗಳ ಹಿಂದೆ ತಾಟಿನಲ್ಲಿ ಕಂಡ ಅದೇ ಕಲ್ಲು ಎಂದು ಅವನಿಗೆ ಗೊತ್ತಾಯಿತು. ಅವನು ನಿಂಬೆವ್ವನ ಮುಖ ನೋಡಿದ. ನಿಂಬೆವ್ವ ಅಂಗೈ ಚಾಚಿದಳು. ಒಂದು ಮಾತು, ಒಂದೇ ಒಂದು ಮಾತು ಅವನು ಆಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಿಜ ಹೇಳಿದರೆ ಉಳಿಯುವುದು ಆಪರೇಷನ್ ಒಂದೇ. ಅವನು ನನ್ನನ್ನು ಅವಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಮಡಚಿದ.

"ಬಾವ್ಯಾಗ ಹಾಕ್ರಿ ತಾಯಿ," ಅಂದ.

ಹೇಡಿತನಕ್ಕೂ ಒಂದು ಮರ್ಯಾದೆ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ.

ಮತ್ತೊಂದು ತಿಂಗಳಿಗೆ ನೋವು ತಿರುಗಿ ಬಂತು. ಈ ಸಲ ಅವನ ತಾಯಿ ಅಂಗಳಕ್ಕೆ ಕಾಲಿಡುತ್ತಲೇ ಕೇಳಿದಳು: "ಎರಡ್ ಸಲ ತಗದ್ರೂ ಬೆಳದೈತಿ ಅಂದ್ರ, ಯಾರ್ ತಪ್ಪು ತಾಯಿ?"

ನಿಂಬೆವ್ವ ಯಮನೂರಪ್ಪನ ಕಡೆ ನೋಡಿದಳು. ಅವನು ಬೇವಿನ ಮರದ ಕಡೆ ನೋಡಿದ. ಆಗ ಅವಳಿಗೆ ಧೈರ್ಯ ಬಂತು.

"ಹೆಣ್ಣು ಎಡವ್ಯಾಳ," ಅಂದಳು.

"ನಾನೇನ್ ಎಡವೀನ್ರೀ?" ಗಾಳೆವ್ವ ಬೆಂಕಿಯಾದಳು. "ಹಗಲೆಲ್ಲಾ ಅವ್ರ ಕೂಡ ಕಲ್ಲು ಒಡೀತೀನಿ, ರಾತ್ರೆಲ್ಲಾ ಬೆನ್ನು ತಿಕ್ಕತೀನಿ. ಎಡವಾಕ ನನಗ ಹೊತ್ತರೇ ಎಲ್ಲೈತ್ರೀ?"

ಅಂಗಳದ ಜನ ನಕ್ಕರು. ಅತ್ತೆ ನಗಲಿಲ್ಲ. ಒದ್ದೆ ಸೀರೆಯಲ್ಲಿ, ಬರಿಗಾಲಲ್ಲಿ, ಮಟಮಟ ಮಧ್ಯಾಹ್ನ, ಒರಳಗುಂಡು ತಲೆಯ ಮೇಲೆ ಹೊತ್ತು ನಿಂಬೆವ್ವನ ಮನೆಯನ್ನು ಒಂಬತ್ತು ಸುತ್ತು ಸುತ್ತಬೇಕು ಎಂದಾಯಿತು. ಗಾಳೆವ್ವ ಗಂಡನನ್ನು ನೋಡಿದಳು. "ಏನಂತೀರಿ? ಹೊರಲೇನು?"

ಅವನು ಹೊರಸಿನ ಮೇಲೆ ಮಗ್ಗುಲಾಗಿ, "ಹೊತ್ತ್ ಬಿಡು. ನಿಂದೇನ್ ಹೋಗತೈತಿ," ಅಂದ.

ಆ ಒರಳಗುಂಡು ಅವನೇ ಕಡೆದದ್ದು. ಏಳು ಸುತ್ತಿನವರೆಗೆ ಗಾಳೆವ್ವ ನೆಟ್ಟಗೆ ನಡೆದಳು. ಎಂಟನೆಯದರಲ್ಲಿ ಕಣ್ಣು ಕತ್ತಲಿಟ್ಟಿತು. ಗುಂಡು ಅವಳ ಎಡಗಾಲಿನ ಮೇಲೆ ಬಿದ್ದು ಎರಡು ಬೆರಳು ಜಜ್ಜಿಹೋದವು. ಅವಳ ಕೂಗಿಗೆ ಮರದ ಕಾಗೆಗಳೆಲ್ಲ ಎದ್ದವು. ಒಂಬತ್ತನೆಯ ಸುತ್ತನ್ನು ಅವಳು ತೆವಳಿಕೊಂಡು ಮುಗಿಸಿದಳು. ಗಂಡ ಗುಣವಾಗಬೇಕಲ್ಲ.

ಆಮೇಲೆ ನಾನು ಮೂರನೆಯ ಸಲ ಅದೇ ತಾಟಿಗೆ ಬಿದ್ದೆ. ಅದಕ್ಕೆ ತುಸು ಮೊದಲು, ಗಾಳೆವ್ವ ಹೊರಗೆ ಕಾಲಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಾಗ, ಯಮನೂರಪ್ಪ ನಿಂಬೆವ್ವನ ಕಿವಿಯಲ್ಲಿ ಹೇಳಿದ ಮಾತು ಕೇಳಿ: "ಕಲ್ಲಿಗೂ ಒಂದೀಟು ಅರಿಸಿಣ ಹಚ್ಚು ತಾಯಿ. ಆ ಕೆಂಪು ಗೆರಿ ಎದ್ದು ಕಾಣತೈತಿ."

ನಾನು ಕಲ್ಲು. ಆದರೂ ಆ ಮಾತಿಗೆ ನನ್ನ ಮೈ ಬಿಸಿಯಾಯಿತು.

ಮೂರನೆಯ ಸಲದ ನಂತರ ನೋವು ಬರಲೇ ಇಲ್ಲ. ಏಳು ತಿಂಗಳು! ನಿಂಬೆವ್ವನ ಕೀರ್ತಿ ಹತ್ತು ಊರು ದಾಟಿತು. ಕುಂಟುವ ಗಾಳೆವ್ವನನ್ನು ನೋಡಿದಾಗಲೆಲ್ಲ ಜನ, "ತಪ್ಪು ತೊಳಕೊಂಡಳು, ಗಂಡ ಉಳದ" ಎನ್ನುತ್ತಿದ್ದರು. ತನ್ನ ತಪ್ಪು ಯಾವುದೆಂದು ಅವಳಿಗೇ ಗೊತ್ತಿರಲಿಲ್ಲ. ಆದರೆ ಗಂಡ ಗುಣವಾದದ್ದನ್ನು ಕಣ್ಣಾರೆ ಕಂಡಳಲ್ಲ, ಇದ್ದರೂ ಇರಬಹುದು ಎಂದು ಅವಳೂ ನಂಬತೊಡಗಿದ್ದಳು.

ಇದೆಲ್ಲದರ ನಡುವೆ ನಿಂಬೆವ್ವನಿಗೇ ನೋವು ಬಂತು. ಎಡಪಕ್ಕೆಯಿಂದ ತೊಡೆಸಂದಿಯವರೆಗೆ ಹರಿದುಹಾಕುವಂಥ ನೋವು. ಅವಳಿಗೆ ಅದು ಯಾವ ನೋವು ಎಂದು ಯಾರೂ ಹೇಳಬೇಕಿರಲಿಲ್ಲ. ನಾಲ್ಕುನೂರು ಜನರ ಮೈಯಲ್ಲಿ ಅದನ್ನು ನೋಡಿದ್ದಳು. ಮೂರು ದಿನ ಬಾಗಿಲು ಹಾಕಿಕೊಂಡು ಸೆರಗು ಬಾಯಿಗೆ ತುರುಕಿಕೊಂಡು ಹೊರಳಾಡಿದಳು. ಹೊರಗೆ ರೋಗಿಗಳು ಬಾಗಿಲು ಬಡಿಯುತ್ತಿದ್ದರು. "ತಾಯಿಗೆ ಮೈಮ್ಯಾಲೆ ಬಂದೈತಿ" ಎಂದು ಅವರೇ ಅರ್ಥ ಹೇಳಿಕೊಂಡು ಕಾಯಿ ಒಡೆದರು. ಒಮ್ಮೆ ಅವಳು ನನ್ನನ್ನು ಸಂಚಿಯಿಂದ ತೆಗೆದು ದಿಟ್ಟಿಸಿದಳು. ಆಮೇಲೆ ಗೋಡೆಗೆ ಎಸೆದಳು. ಆಮೇಲೆ ಕತ್ತಲ ಮೂಲೆಯಲ್ಲಿ ತಡಕಾಡಿ ಮತ್ತೆ ಹುಡುಕಿಕೊಂಡಳು. ಕಸುಬು ಬಿಡಲು ಅವಳಿಂದ ಆಗಲಿಲ್ಲ.

ಊರಿನವರು ಯಾರೂ ಹೋಗದ ಆಸ್ಪತ್ರೆ ಬೇಕಿತ್ತು. ಅರವತ್ತು ಮೈಲಿ ದೂರದ ದೊಡ್ಡಾಸ್ಪತ್ರೆಗೆ ಮುಖಕ್ಕೆ ಸೆರಗು ಸುತ್ತಿಕೊಂಡು ಬಸ್ಸು ಹತ್ತಿದಳು. ಚೀಟಿ ಮಾಡಿಸುವ ಸಾಲಿನಲ್ಲಿ ಅವಳ ಮುಂದೆ ನಿಂತಿದ್ದವಳು ಗಾಳೆವ್ವ. ಬರೆಯುವವನು "ಪೇಶಂಟ್ ಹೆಸರೇನಮ್ಮ?" ಎಂದಾಗ ಗಾಳೆವ್ವ ಮುಖ ತಗ್ಗಿಸಿ ಹಳೆಯ ಚೀಟಿ ಮುಂದೆ ಇಟ್ಟಳು. ಹದಿನೇಳು ವರ್ಷದ ಸಂಸಾರದಲ್ಲಿ ಗಂಡನ ಹೆಸರನ್ನು ಅವಳು ಬಾಯಲ್ಲಿ ತಂದವಳಲ್ಲ. "ಇವ್ರು, ನಮ್ಮ ಮನಿಯವ್ರು," ಅಂದಳು.

ಯಮನೂರಪ್ಪನಿಗೆ ಹದಿನೈದು ದಿನದಿಂದ ಚಳಿಜ್ವರ. ಮುಖ ಬಾತಿತ್ತು. ಊರ ಡಾಕ್ಟರು ನೋಡಿದವರೇ ಇಲ್ಲಿಗೆ ಅಟ್ಟಿದ್ದರು. ಸ್ಕ್ಯಾನಿಂಗ್ ಆಯಿತು. ಇಲ್ಲಿನ ಡಾಕ್ಟರಮ್ಮ ಪಡಸಾಲೆಗೇ ಬಂದು ಗಾಳೆವ್ವನ ಕೈಗೆ ಕಾಗದವೊಂದನ್ನು ಕೊಟ್ಟರು.

"ಹರಳು ಮೊದಲಿದ್ದಲ್ಲೇ ಇದೆ. ಒಂದು ಎಳೆಯಷ್ಟೂ ಅಲುಗಿಲ್ಲ. ಎಡಗಡೆ ಕಿಡ್ನಿ ಪೂರ್ತಿ ಹೋಗಿದೆ, ಕೀವು ತುಂಬಿದೆ. ಇವತ್ತೇ ತೆಗೀಬೇಕು. ಸಹಿ ಮಾಡಿ ತನ್ನಿ."

"ನೋವು ನಿಂತಿತ್ತಲ್ರೀ ಅಮ್ಮಾರ? ಏಳು ತಿಂಗಳು ನೋವಽ ಇರಲಿಲ್ಲ!"

"ನೋವು ನಿಂತಿದ್ದು ಹರಳು ಹೋಗಿದ್ದಕ್ಕಲ್ಲ. ಕಿಡ್ನಿ ಸತ್ತಿದ್ದಕ್ಕೆ."

ಗಾಳೆವ್ವ ಆ ಕಾಗದ ಹಿಡಿದುಕೊಂಡು ತಿರುಗಿದಾಗ, ಎದುರಿನ ಬೆಂಚಿನಲ್ಲಿ ಒಬ್ಬ ಮುದುಕಿ ಸ್ಕ್ಯಾನಿಂಗಿಗೆಂದು ಎರಡು ಬಾಟಲಿ ನೀರು ಕುಡಿದು, ಉಚ್ಚೆ ತಡೆದುಕೊಂಡು ಬೆವರುತ್ತ ಕೂತಿದ್ದಳು. ಫ್ಯಾನಿನ ಗಾಳಿಗೆ ಅವಳ ಮುಖದ ಸೆರಗು ಸರಿಯಿತು.

ಅಲ್ಲಿಂದ ಜಗಳ. ನಾನು ಬಿದ್ದದ್ದು, ಉರುಳಿದ್ದು ಹೇಳಿದ್ದೇನೆ.

ಗಾಳೆವ್ವ ಬಗ್ಗಿ ನನ್ನನ್ನು ಎತ್ತಿಕೊಂಡಳು. "ಇದೇನು? ಇದನ್ನಽ ಏನು ಅಂವನ ಹೊಟ್ಟ್ಯಾಗಿಂದ ಮೂರ್ ಸಲ ತಗದದ್ದು? ಅಲ್ಲಬೇ, ನನ್ನ ಗಂಡನ್ನ ಕೊಂದಿ. ನನ್ನ ಕಾಲ ಮುರದಿ. ಎಡವ್ಯಾಳ ಅಂತ ಊರ ಮುಂದ ನನ್ನ ಹೆಸರು ಕೆಡಿಸಿದಿ. ನಿನಗ ಯಾವ ನರಕ ಸಾಕಾದೀತು!"

ನಿಂಬೆವ್ವನಿಗೆ ನೋವಿನ ಅಲೆ ಎದ್ದಿತ್ತು. ತಡೆದ ಉಚ್ಚೆ ಸೀರೆಯಲ್ಲೇ ಹೋಯಿತು. ಸುತ್ತಲಿನವರು ಮೂಗು ಮುಚ್ಚಿ ಹಿಂದೆ ಸರಿದರು, ಯಾರೋ ಕಿಸಕ್ಕೆಂದರು. ಮರ್ಯಾದೆಯೆಲ್ಲ ನೆಲದ ಮೇಲೆ ಹರಿದುಹೋದ ಮೇಲೆ ಮನುಷ್ಯರ ಬಾಯಲ್ಲಿ ನಿಜ ಬರುತ್ತದೆ. ಒಳ್ಳೆಯತನಕ್ಕಲ್ಲ, ಕಚ್ಚಲು.

"ನನಗೊಬ್ಬಾಕೀಗೆ ಯಾಕ ಬೈತೀ?" ಎಂದಳು ಹಲ್ಲು ಕಚ್ಚಿ. "ನಿನ್ನ ಗಂಡನ್ನ ಕೇಳು. ಎರಡನೇ ಸಲಾನ ಅಂವಗ ಕಲ್ಲಿನ ಗುರ್ತ ಸಿಕ್ಕಿತ್ತು. ನೀ ಗುಂಡು ಹೊತ್ತು ತಿರುಗೂವಾಗ ಅಂವಗ ಎಲ್ಲಾ ಗೊತ್ತಿತ್ತು. ಗೆರಿ ಕಾಣತೈತಿ, ಅರಿಸಿಣ ಹಚ್ಚು ಅಂತ ನನಗ ಹೇಳಿಕೊಟ್ಟಾಂವ ಅಂವನ. ಕೇಳು!"

ಗಾಳೆವ್ವ ಕೇಳಲಿಲ್ಲ. ಬರೀ ತಿರುಗಿ ನೋಡಿದಳು. ಯಮನೂರಪ್ಪ ತಲೆ ಎತ್ತಲಿಲ್ಲ. ಅವನ ಕಣ್ಣು ಅವಳ ಎಡಗಾಲಿನ ಮೇಲೆ ಹೋಯಿತು, ಅಲ್ಲಿಂದ ಗೋಡೆಗೆ ಹೋಯಿತು.

"ನನಗ ಕತ್ತರಿ ಅಂದ್ರ ಅಂಜಿಕಿ, ಗಾಳೀ," ಅಂದ. "ನಿನಗ ಗೊತ್ತೈತಲ್ಲ."

"ಗೊತ್ತೈತಿ."

ಅವಳ ದನಿ ತಗ್ಗಿತ್ತು. ಇಷ್ಟು ಹೊತ್ತಿನ ಕೂಗಾಟಕ್ಕಿಂತ ಅದೇ ಹೆದರಿಕೆ ಹುಟ್ಟಿಸಿತು. ಅವಳು ಸಹಿಯಿಲ್ಲದ ಕಾಗದವನ್ನು ಬೆಂಚಿನ ಮೇಲೆ, ಅವನ ಪಕ್ಕದಲ್ಲಿ, ನೀಟಾಗಿ ಬಿಡಿಸಿಟ್ಟಳು. ಗಾಳಿಗೆ ಹಾರದಂತೆ ಅದರ ಮೇಲೆ ನನ್ನನ್ನು ಇಟ್ಟಳು.

"ಯಮನೂರಪ್ಪ," ಅಂದಳು.

ಅವನು ಬೆಚ್ಚಿಬಿದ್ದು ತಲೆ ಎತ್ತಿದ. ಹದಿನೇಳು ವರ್ಷ ಆಡದ ಹೆಸರು. ರಸ್ತೆಯಲ್ಲಿ ಹೋಗುವ ಯಾರನ್ನೋ ಕರೆದಂತೆ ಕರೆದಿದ್ದಳು.

"ಈ ಕಲ್ಲು ನಿಂದು. ಇಟ್ಕೋ."

ಕುಂಟುತ್ತ ಹೊರಟಳು. ಒಂದು ಕಾಲು ಗಟ್ಟಿ, ಒಂದು ಕಾಲು ಎಳೆತ. ಟಪ್, ಸರ್ರ್. ಟಪ್, ಸರ್ರ್. ಆ ಸದ್ದು ಪಡಸಾಲೆ ದಾಟಿತು, ಮೆಟ್ಟಿಲು ಇಳಿಯಿತು.

ಸ್ವಲ್ಪ ಹೊತ್ತಿಗೆ ನರ್ಸ್ ಬಂದು ಕೂಗಿದಳು: "ಯಮನೂರಪ್ಪನ ಕಡೆಯವ್ರು ಯಾರಿದ್ದೀರಿ? ಸಹಿ ಬೇಕು!"

ಎರಡು ಸಲ ಕೂಗಿದಳು. ಎದುರಿಗೆ ಹಸಿ ಸೀರೆಯಲ್ಲಿ ನಿಂಬೆವ್ವ ಕೂತಿದ್ದಳು. ಕಾಗದದ ಮೇಲೆ ನಾನಿದ್ದೆ.

"ಯಾರೂ ಇಲ್ರೀ," ಎಂದ ಯಮನೂರಪ್ಪ, ಮೂರನೆಯ ಸಲಕ್ಕೆ.

ಮರುದಿನ ಅವನ ತಾಯಿ ಬಂದು ಹೆಬ್ಬೆಟ್ಟು ಒತ್ತಿದಳು. ಅವನು ಅಷ್ಟು ಹೆದರಿದ್ದ ಕತ್ತರಿ ಅವನನ್ನು ಕೊಲ್ಲಲಿಲ್ಲ. ಒಂದು ಕಿಡ್ನಿ ತೆಗೆದರು, ಬದುಕಿದ. ತೆಗೆದ ಹರಳನ್ನು ಸಣ್ಣ ಸೀಸೆಯಲ್ಲಿ ಹಾಕಿ ಕೊಟ್ಟರು. ಅದು ಈಗ ವಾರ್ಡಿನ ಕಿಟಕಿಯ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿದೆ. ಕಂದು ಬಣ್ಣ, ಮೈತುಂಬ ನೆಗ್ಗಿಲಮುಳ್ಳಿನಂಥ ಮುಳ್ಳು. ಅದನ್ನು ನೋಡಿ ನನಗೆ ನಾಚಿಕೆಯಾಗುತ್ತದೆ. ಅದು ಮನುಷ್ಯನ ಮೈಯಲ್ಲಿ ಹುಟ್ಟಿ, ನಾನು ಇದ್ದೇನೆ, ನಾನು ಇದ್ದೇನೆ ಎಂದು ಚುಚ್ಚಿ ಚುಚ್ಚಿ ಹೇಳಿತು. ಕ್ರೂರಿಯಾದರೂ ಸತ್ಯವಂತ. ನಾನು ನುಣ್ಣಗಿದ್ದೆ. ಯಾರಿಗೂ ಚುಚ್ಚಲಿಲ್ಲ. ನನ್ನಿಂದಲೇ ಮೂರು ಜನರ ಬಾಳು ಹೋಯಿತು.

ಸಂಜೆ ನಾಲ್ಕಕ್ಕೆ ನೋಡಲು ಬರುವವರನ್ನು ವಾರ್ಡಿನೊಳಗೆ ಬಿಡುತ್ತಾರೆ. ಚಪ್ಪಲಿಗಳ ಸದ್ದು ಶುರುವಾಗುತ್ತಲೇ ಯಮನೂರಪ್ಪ ಹೊಲಿಗೆ ಹಾಕಿದ ಪಕ್ಕೆಯನ್ನು ಹಿಡಿದುಕೊಂಡು ಏಳುತ್ತಾನೆ, ಬಾಗಿಲ ಕಡೆ ಕಿವಿಗೊಡುತ್ತಾನೆ. ಇವತ್ತಿಗೆ ಹನ್ನೊಂದು ಸಂಜೆ. ಓಡುವ ಕಾಲು, ದಪ್ಪ ಕಾಲು, ಮಕ್ಕಳ ಕಾಲು, ಎಲ್ಲ ಬಂದವು.

ಒಂದು ಕಾಲು ಗಟ್ಟಿ, ಒಂದು ಕಾಲು ಎಳೆತ: ಅದು ಮಾತ್ರ ಬರಲಿಲ್ಲ.